ಹೇಶಮ್ ನಿಲ್ದಾಣದಲ್ಲಿ ಏಳು ನಿಮಿಷ

ಬಸ್ಸಿನ ಎಂಜಿನ್ ಆರಿಸಿದರೆ ನನಗೆ ಏಳು ನಿಮಿಷ.
ಕೈಗವಸು ಕಳಚಿ ಅಂಗಿ ಜೇಬಿನಿಂದ ತೆಗೆಯುತ್ತೇನೆ
ಸೋಪಿನ ತುಂಡಿನಷ್ಟು ಕ್ಯಾಮೆರಾ.
ಕಂಪನಿಯ ಹೆಸರು ಯಾರದೋ ಹೆಬ್ಬೆರಳಿಗೆ ಸವೆದು
ಒಂದು ಓ ಮಾತ್ರ ಉಳಿದಿದೆ, ಬೆರಗಾದ ಬಾಯಿಯಂತೆ.
ಮೋರ್ಕಮ್ ಪೇಟೆಯ ಹಳೆ ಸಾಮಾನಿನ ಅಂಗಡಿಯಲ್ಲಿ
ಹನ್ನೆರಡು ಪೌಂಡು. ಚಾರ್ಜರಿಗೆ ಬೇರೆ ಮೂರು.
ದಾರ ಇರಲಿಲ್ಲ; ಬೂಟಿನ ಲೇಸು ಪೋಣಿಸಿದ್ದೇನೆ.

ಒತ್ತಿದ ಕೂಡಲೇ ತೆಗೆಯುವ ಜಾತಿಯಲ್ಲ ಇದು.
ಒತ್ತಿದ್ದು ಕೇಳಿಸಿಕೊಂಡು, ಯೋಚಿಸಿ,
ಮೂಗು ಹಿಂದೆ ಮುಂದೆ ಮಾಡಿ,
ಆಯಿತಪ್ಪಾ ಅಂತ ಒಪ್ಪಿಕೊಳ್ಳುವ ಹೊತ್ತಿಗೆ
ಕಂಬದ ಮೇಲಿನ ಕಡಲಹಕ್ಕಿ ಎದ್ದು ಹೋಗಿರುತ್ತದೆ.
ಹಕ್ಕಿ ಈಗಷ್ಟೇ ಬಿಟ್ಟ ಕಂಬಗಳು
ನನ್ನ ಹತ್ತಿರ ನೂರಾ ಹದಿನಾರು.
ಮೊದಮೊದಲು ಅಳಿಸುತ್ತಿದ್ದೆ, ಆಮೇಲೆ ಬಿಟ್ಟೆ.
ದೊಡ್ಡದು ಮಾಡಿ ನೋಡಿದರೆ
ಹಾರಿದ ರಭಸಕ್ಕೆ ಕಂಬ ಇನ್ನೂ ನಡುಗುತ್ತಿರುತ್ತದೆ.
ಅಥವಾ ಅದು ನನ್ನ ಕೈ.

ವಿಮಲಾಕ್ಷಿ ಕೇಳುತ್ತಾಳೆ: ಅದೇ ಕಂಬ, ಅದೇ ನೀರು,
ಆ ಅಣುಸ್ಥಾವರದ ಅದೇ ಗೋಡೆ, ದಿನಾ ಏನು ತೆಗೆಯೋದು?
ದಿನಾ ಸಾರು ಮಾಡಲ್ಲವಾ, ಅಂದೆ.
ಒಗ್ಗರಣೆ ಸೌಟು ಎತ್ತಿ ತೋರಿಸಿದಳು.

ಡಿಪೋ ಕ್ಯಾಂಟೀನಿನಲ್ಲಿ ಇದರ ಕುಲದವು ಇನ್ನೆರಡಿವೆ.
ಡೋರೀನಳದ್ದು ಮೂತಿ ಚಾಚಿ ಸಿಕ್ಕಿಕೊಳ್ಳುತ್ತದೆ,
ಕೊಲ್ಲಿಯ ಮರಳು ಹೊಕ್ಕಿದೆಯಂತೆ.
ಮೇಜಿನ ಅಂಚಿಗೆ ಮೆತ್ತಗೆ ಕುಟ್ಟುತ್ತಾಳೆ,
ಬುಡಕ್ಕೆ ಕೊಡಬೇಕು, ಮುಖಕ್ಕಲ್ಲ, ಅನ್ನುತ್ತಾಳೆ.
ಟಡೇಯುಶ್‌ನ ಬ್ಯಾಟರಿ ಚಳಿಗೆ ಸಾಯುತ್ತದೆ.
ಜನವರಿ ಪೂರ್ತಿ ಅದನ್ನು ಕಂಕುಳಲ್ಲಿಟ್ಟು
ಕೋಳಿ ಕಾವಿಗೆ ಕೂತ ಹಾಗೆ ಕೂತಿರುತ್ತಾನೆ,
ಉಳಿದೊಂದು ಕೈಯಲ್ಲಿ ಸ್ಯಾಂಡ್‌ವಿಚ್ ತಿನ್ನುತ್ತ.
ಎಲ್ಲರ ಬಳಿ ಫೋನಿದೆಯಲ್ಲ, ಅಂದ ಹೊಸ ಹುಡುಗ.
ಡೋರೀನ್ ಅಂದಳು: ಫೋನಿನಲ್ಲಿ ಬಿಟ್ಟ ಗಂಡನಿದ್ದಾನೆ,
ಮೇಲ್ವಿಚಾರಕನಿದ್ದಾನೆ, ಬ್ಯಾಂಕಿದೆ.
ಇದರೊಳಗಿಂದ ಯಾರೂ ನನ್ನ ಕೂಗಲ್ಲ.

ನನ್ನದಕ್ಕೆ ಮಚ್ಚೆ.
ಒಳಗೆಲ್ಲೋ ಕೂತ ಧೂಳಿನ ಕಣ
ಪ್ರತಿ ಚಿತ್ರದ ಎಡ ಮೇಲ್ಮೂಲೆಯಲ್ಲಿ
ಕಪ್ಪಗೆ, ಎಳ್ಳಿನಷ್ಟು.
ಲ್ಯಾಂಕಾಸ್ಟರಿನ ರಿಪೇರಿಯವ ಬೆಳಕಿಗೆ ಹಿಡಿದು
ಬಿಚ್ಚಲು ನಲವತ್ತು ಪೌಂಡು ಅಂದ,
ನನ್ನ ಮುಖ ನೋಡಿ ವಾಪಸು ಕೊಟ್ಟ.
ಅಂದಿನಿಂದ ಅದಕ್ಕೆ ದೃಷ್ಟಿಬೊಟ್ಟು ಅಂತ ಹೆಸರು.
ಆ ಪದವನ್ನು ಇಂಗ್ಲಿಷಿಗೆ ದಾಟಿಸಲು ಹೋಗಿ
ನಡುನೀರಿನಲ್ಲಿ ಸುಸ್ತಾಗಿ
ಕಾಡಿಗೆ, ಕೆನ್ನೆ, ಹೊಟ್ಟೆಕಿಚ್ಚು ಅಂತ ಮೂರು ಮಾತು ಹೇಳಿದೆ.
ಟಡೇಯುಶ್ ತಲೆಯಾಡಿಸಿದ.
ಅವನಜ್ಜಿ ತೊಟ್ಟಿಲಿಗೆ ಕೆಂಪು ದಾರ ಕಟ್ಟುತ್ತಿದ್ದಳಂತೆ.

ಮಾರ್ಚಿನ ಒಂದು ಮಧ್ಯಾಹ್ನ ಬ್ರಿಯೊನಿ ಬಂದಳು,
ಮುಂಜಾನೆಯ ಬಸ್ಸಿನವಳು, ವೃದ್ಧಾಶ್ರಮದ ನೀಲಿ ಅಂಗಿಯವಳು,
ಒಂಬತ್ತು ದಿನದ ಕೂಸನ್ನು ಎತ್ತಿಕೊಂಡು,
ಎಲ್ಲಿಗೂ ಹೋಗಲಿಕ್ಕಲ್ಲ, ನನಗೆ ತೋರಿಸಲಿಕ್ಕೆ.
ನಿಲ್ದಾಣದ ಕಂಬಕ್ಕೊರಗಿ ನಿಂತಳು.
ನಾನು ವಾಲಿಸಿದೆ, ಬಾಗಿದೆ, ಮೆಟ್ಟಿಲ ಮೇಲೆ ಕುಕ್ಕರಿಸಿದೆ,
ಮಚ್ಚೆ ಹೇಗಾದರೂ ಕೆನ್ನೆಗೆ ಬೀಳಲಿ ಅಂತ.
ಬಿಸಿಲಿಗೆ ಪರದೆ ಕಾಣದು; ಅಂದಾಜಿನ ಮೇಲೆ ಒತ್ತಿದೆ.
ಅದು ಯೋಚಿಸಿತು. ಕೂಸು ಆಕಳಿಸಿತು.
ಮನೆಗೆ ಹೋಗಿ ನೋಡಿದರೆ
ಬೊಟ್ಟು ಬಿದ್ದದ್ದು ವೇಳಾಪಟ್ಟಿಯ ಮೇಲೆ,
ಸರಿಯಾಗಿ ಏಳೂ ಹತ್ತರ ಬಸ್ಸಿಗೆ.
ಆ ಬಸ್ಸಿಗೆ ಇನ್ನು ಯಾರ ಕಣ್ಣೂ ತಾಗದು.

ಬ್ಯಾಟರಿ ಬದಲಿಸಿದಾಗಲೆಲ್ಲ ಇದಕ್ಕೆ ಎಚ್ಚರ ತಪ್ಪುತ್ತದೆ.
ಎರಡು ಸಾವಿರದ ಏಳು, ಜನವರಿ ಒಂದು, ನಡುರಾತ್ರಿ
ಅನ್ನುತ್ತದೆ ಕಣ್ಣುಬಿಟ್ಟು,
ಎದುರಿಗೆ ಕಡಲು ಮೈಲಿಗಟ್ಟಲೆ ಹಿಂದೆ ಸರಿದು
ಕೆಸರು ಹಗಲಿಗೆ ಹೊಳೆಯುತ್ತಿದ್ದರೂ.
ಇದರ ಲೆಕ್ಕಕ್ಕೆ ಬ್ರಿಯೊನಿಯ ಕೂಸು
ನನ್ನ ಬಸ್ ಲೈಸೆನ್ಸಿಗಿಂತ ಹಿರಿಯ.
ದಿನಾಂಕ ಸರಿಪಡಿಸುವಿರಾ, ಕೇಳುತ್ತದೆ.
ಆಮೇಲೆ, ಅಂತ ಒತ್ತುತ್ತೇನೆ.

ಬಾಗಿಲಲ್ಲಿ ಯಾರೋ ಪಾಸು ಹಿಡಿದು ನಿಂತಿದ್ದಾರೆ.
ಆಮೆ ಕತ್ತು ಒಳಗೆಳೆದುಕೊಳ್ಳುವಷ್ಟು ಹೊತ್ತು
ಅವರೂ ಕಾಯುತ್ತಾರೆ, ನಾನೂ.